ಕರೆಂಟ್ ಹೋದಾಗ ಟ್ಯೂನಿಂಗ್

ಆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರೆಂಟ್ ಹೋಗಿ, ದೊಡ್ಡಬಳ್ಳಾಪುರದ ನಮ್ಮ ಬೀದಿಯ ಮಗ್ಗಗಳೆಲ್ಲ ಒಟ್ಟಿಗೇ ನಿಂತವು. ತಕ್ಷಣ ನನ್ನ ಯಜಮಾನರ ಗೆಳೆಯರಾದ ನಂಜಪ್ಪ, ಕೃಷ್ಣ ಸ್ಪ್ಯಾನರ್ ಹಿಡಿದು ಓಡಿಬಂದರು. ಇಬ್ಬರೂ ನೇಕಾರರು. ಮಗ್ಗ ಓಡುವಾಗ ಬೈಕಿನ ಇಂಜಿನ್ ಸದ್ದು ಕಿವಿಗೆ ಬೀಳದ ಕಾರಣ, ಕಾರ್ಬುರೇಟರ್ ಟ್ಯೂನ್ ಮಾಡಲು ಕರೆಂಟ್ ಹೋಗುವುದನ್ನೇ ಕಾಯುತ್ತಿದ್ದರು.

ಯಜಮಾನರು ತೀರಿಕೊಂಡು ಐದು ತಿಂಗಳಾಗಿತ್ತು. ಅಂದಿನಿಂದ ನಿಂತೇ ಇದ್ದ ಅವರ ಮೋಟಾರ್ ಸೈಕಲ್ಲಿನ ಹಳೆಯ ಸದ್ದನ್ನು ಒಮ್ಮೆ ಕೇಳಿಸಿ ಎಂದು ನಾನೇ ಬೇಡಿಕೊಂಡಿದ್ದೆ.

ಗಾಡಿ ಸ್ಟಾರ್ಟ್ ಆಯಿತು.

"ಅಣ್ಣನ ಗಾಡಿ ಡುಗುಡುಗು ಅಂತಿತ್ತು ಕಣೋ," ಎಂದ ನಂಜಪ್ಪ.

"ಲೇ, ಅದು ನಿನ್ ಮಗ್ಗ! ಅಣ್ಣಂದು ದಡ್ ದಡ್," ಎಂದ ಕೃಷ್ಣ. "ಅಕ್ಕ, ನೀವೇ ಹೇಳಿ."

ಬೀದಿಯವರೆಲ್ಲ ಬಾಗಿಲಿಗೆ ಬಂದಿದ್ದರು. ನಾನು ಸೆರಗು ಸರಿಮಾಡಿಕೊಂಡು, "ದುಬುಕ್ ದುಬುಕ್, ಸ್ವಲ್ಪ ಬಿಟ್ಟು, ದುಬುಕ್," ಎಂದೆ.

"ಅಂತಾನೇ ಇರಿ ಅಕ್ಕ, ಸ್ಕ್ರೂ ತಿರುಗಿಸ್ತೀನಿ," ಎಂದ ನಂಜಪ್ಪ.

ಒಂಬತ್ತು ಸಲ ಅಂದೆ. ಒಂಬತ್ತನೆಯ ಸಲಕ್ಕೆ ಗಾಡಿಯೂ ಹಾಗೆಯೇ ಅಂದಿತು.

"ಒಂದ್ ರೌಂಡ್ ಹೋಗ್ಬನ್ನಿ ಅಕ್ಕ," ಎಂದು ಕೃಷ್ಣ ಹ್ಯಾಂಡಲ್ ನನ್ನ ಕಡೆ ತಿರುಗಿಸಿದ.

ನನಗೆ ಸೈಕಲ್ ತುಳಿಯಲೂ ಬರುವುದಿಲ್ಲ.