ಬೆಂಚಿನ ಹಸಿರು ಕಾಲು

ರೈಲಿನ ಸೀಟಿನ ಬೆನ್ನು ಹಿಡಿದು ಆಚೆಗೆ ತಳ್ಳಿದರೆ ‘ಟಕ್’ ಎಂದು ಮಗುಚಿಕೊಂಡು, ಸೀಟು ರೈಲು ಓಡುವ ದಿಕ್ಕಿಗೆ ಮುಖ ಮಾಡುತ್ತಿತ್ತು. ಹಿಮ್ಮುಖವಾಗಿ ಕುಳಿತರೆ ಹೊಟ್ಟೆ ತೊಳಸುವ ಅವ್ವನಿಗೆ ಸಿಡ್ನಿಯಲ್ಲಿ ಮೊದಲು ಹಿಡಿಸಿದ್ದು ಅದೇ. ಆ ರೈಲಿನವರಿಗೆ ತನ್ನ ಕಷ್ಟ ಯಾರೋ ಹೇಳಿರಬೇಕು ಎನ್ನುತ್ತಿದ್ದಳು.

ಧಾರವಾಡದಿಂದ ಬಂದ ಅವ್ವ ಮೊದಲ ಎರಡು ತಿಂಗಳು ಮೆಲ್ಬರ್ನ್‌ನ ಪಾಯಿಂಟ್ ಕುಕ್‌ನಲ್ಲಿ ಅಕ್ಕನ ಮನೆಯಲ್ಲಿದ್ದಳು. ಅಲ್ಲಿ ಕಾರು ಹೊರಟರೆ ಮಾತ್ರ ಅವಳೂ ಹೊರಡಬೇಕು. ಆಮೇಲೆ ಸಿಡ್ನಿಯಲ್ಲಿ ಓದುತ್ತಿದ್ದ ನನ್ನ ಮನೆಗೆ ಬಂದಳು. ನನ್ನ ಬಳಿ ಕಾರಿರಲಿಲ್ಲ. ಇದ್ದದ್ದು ಎರಡು ಅಂತಸ್ತಿನ ರೈಲು. ಐದು ಸ್ಟೇಷನ್ ಆಚೆಗಿದ್ದ ಮಂಗಳೂರಿನ ಆಂಟಿಗೆ ಅವ್ವ ಹಳೆ ಸೀರೆಗಳ ಕೌದಿ ಹೊಲಿಯುವುದನ್ನು ಕಲಿಸಲು ಶುರುಮಾಡಿದ್ದಳು. ಆದರೆ ಕರೆದೊಯ್ಯಲು ನಾನು ಪ್ರತಿಸಲ ಕ್ಲಾಸು ತಪ್ಪಿಸುವಂತಿರಲಿಲ್ಲ.

“ಅವ್ವನ್ನ ಒಬ್ಬಾಕಿನ್ನೇ ಮನ್ಯಾಗ ಕೂಡಿಸಿ ನೀ ಹೋಗ್ತಿ. ಭಾನುವಾರಕ್ಕ ಫ್ಲೈಟ್ ಬುಕ್ ಮಾಡ್ತೀನಿ, ಕಳಸಿಬಿಡು,” ಎಂದಳು ಅಕ್ಕ ಫೋನಿನಲ್ಲಿ.

“ನಾ ಒಬ್ಬಾಕಿನೇ ರೈಲಿನ್ಯಾಗ ಹೋದ್ರ?” ಎಂದು ಪಕ್ಕದಿಂದ ಅವ್ವ ಕೂಗಿದಳು.

ಹಾಗಾಗಿ ಒಂದು ಪರೀಕ್ಷೆ ಏರ್ಪಟ್ಟಿತು. ಒಂದೇ ಬೋಗಿಯಲ್ಲಿ ಅವ್ವ ಕೆಳಗೆ, ನಾನು ಮೇಲೆ. ಐದನೆಯ ಸ್ಟೇಷನ್ನಿನಲ್ಲಿ ಅವಳು ತಾನಾಗಿಯೇ ಇಳಿಯಬೇಕು. ನಾನು ಬಾಯಿ ಬಿಡಬಾರದು. ಮೇಲೆ ಕೂರು, ಸ್ಟೇಷನ್ನಿನ ಬೋರ್ಡು ಕಾಣಿಸುತ್ತದೆ ಎಂದು ಮೊದಲೇ ಹೇಳಿದ್ದೆ.

“ಮ್ಯಾಲೆ ನಿನಗ ಇರ್ಲಿ. ಕೆಳಗ ಕುಂತ್ರ ನೆಲಾ ಹತ್ರ ಇರ್ತದ.”

ಅದೇ ನನ್ನ ಆತಂಕವಾಗಿತ್ತು. ಕೆಳಗಿನ ಡೆಕ್ಕಿನ ಕಿಟಕಿ ಪ್ಲಾಟ್‌ಫಾರಂನ ಮಟ್ಟಕ್ಕಿರುತ್ತದೆ. ಅಲ್ಲಿಂದ ಕಾಣುವುದು ಜನರ ಬೂಟು, ಸೂಟ್‌ಕೇಸುಗಳ ಗಾಲಿ; ಬೋರ್ಡಲ್ಲ. ಗಾರ್ಡ್ ಮೈಕಿನಲ್ಲಿ ಹೇಳುವ ಹೆಸರು ನನಗೇ ಅರ್ಧ ತಿಳಿಯುತ್ತಿರಲಿಲ್ಲ.

ಐದನೆಯ ಸ್ಟೇಷನ್ ಬಂತು. ನಾನು ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದೆ. ಅವ್ವ ಬರಲಿಲ್ಲ. ಸೀಟಿಯಾಯಿತು, ಬಾಗಿಲು ಮುಚ್ಚಿತು. ಕಿಟಕಿಯಾಚೆ ನೋಡಿದರೆ ಅವ್ವ ಬಟ್ಟೆಯ ಗಂಟು ಹಿಡಿದು ಪ್ಲಾಟ್‌ಫಾರಂ ಮೇಲೆ ನಿಂತು ನನ್ನನ್ನು ಹುಡುಕುತ್ತಿದ್ದಾಳೆ. ಬೋಗಿಯ ಎರಡೂ ತುದಿಗೆ ಮೆಟ್ಟಿಲಿದೆ. ಅವಳು ಇನ್ನೊಂದು ತುದಿಯಿಂದ ಇಳಿದಿದ್ದಳು. ಮೂರು ವರ್ಷ ಅದೇ ರೈಲಿನಲ್ಲಿ ಓಡಾಡಿದ ನನಗೆ ಅದು ಹೊಳೆದಿರಲಿಲ್ಲ.

ಮುಂದಿನ ಸ್ಟೇಷನ್ನಿನಲ್ಲಿ ಇಳಿದು, ಎದುರು ರೈಲು ಹಿಡಿದು ವಾಪಸು ಬಂದೆ. ಅವ್ವ ಬೆಂಚಿನ ಮೇಲೆ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದಳು.

“ಪರೀಕ್ಷಾ ನನಗಿತ್ತೋ, ನಿನಗೋ?”

“ಬೋರ್ಡ್ ಕಾಣಲಿಲ್ಲಲ್ಲವ್ವಾ, ಹೆಂಗ ಗೊತ್ತಾತು?”

“ಬೋರ್ಡ್ ತಗೊಂಡು ಏನ್ ಮಾಡ್ಲಿ? ನಿನ್ನ ಜೋಡಿ ಬಂದಾಗೆಲ್ಲಾ ನೋಡೀನಿ. ಹಿಂದಿನ ಸ್ಟೇಷನ್ನಿನ್ಯಾಗ ಬೆಂಚಿನ ಕಾಲು ಕರೇವು. ಇಲ್ಲೆ ಹಸರು, ಒಂದರ ಬಣ್ಣ ಹೋಗೇದ.” ಸೂಜಿಯಿಂದಲೇ ಆ ಕಾಲನ್ನು ತೋರಿಸಿದಳು. “ನಡಿ, ಆಂಟಿ ಚಹಾ ಆರಿಸ್ಕೊಂಡು ಕುಂತಿರ್ತಾಳ.”

ಮರುದಿನ ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಟಿಕೆಟ್ ಬುಕ್ ಮಾಡಬೇಡ ಎಂದೆ. ಮನೆಯ ಇನ್ನೊಂದು ಕೀಲಿಕೈಯನ್ನು ಅವ್ವನ ಬಟ್ಟೆಯ ಗಂಟಿಗೆ ಕಟ್ಟಿದೆ. ಯೂನಿವರ್ಸಿಟಿಯ ರೈಲು ಬಂದಾಗ ಮೇಲಿನ ಡೆಕ್ಕಿಗೆ ಹತ್ತದೆ, ಕೆಳಗಿನ ಡೆಕ್ಕಿಗಿಳಿದು ಕಿಟಕಿಯ ಪಕ್ಕ ಕುಳಿತೆ.