ಬ್ಯಾಡಗಿಯ ಅಪರೂಪದ ರೇಡಿಯೊ

‘ಅಪರೂಪದ್ದು’ ಎಂದು ಯಾರಾದರೂ ಏನನ್ನಾದರೂ ತೋರಿಸಿದರೆ ನನಗೆ ಕೂಡಲೇ ಗುಮಾನಿ ಹುಟ್ಟುತ್ತದೆ. ಈ ಕಾಯಿಲೆ ಅಂಟಿದ್ದು ಬ್ಯಾಡಗಿಯಲ್ಲಿ, ನನ್ನ ಸೋದರಮಾವನ ಪಡಸಾಲೆಯಲ್ಲಿ.

ಮಾವ ಮೆಣಸಿನಕಾಯಿ ವ್ಯಾಪಾರಿ. ಅವನ ಅಟ್ಟದಲ್ಲಿ ಅವನಪ್ಪನ ಕಾಲದ ವಾಲ್ವ್ ರೇಡಿಯೊ ಒಂದಿತ್ತು. ರಾಣೆಬೆನ್ನೂರಿನ ಒಂದೇ ಕೋಣೆಯಲ್ಲಿ ಹುಟ್ಟಿ, ಅದೇ ಕೋಣೆಯಲ್ಲಿ ಕಣ್ಣುಮುಚ್ಚಿದ ಕಂಪನಿಯದು. ಅತ್ತೆ ಅದರ ಮೇಲೆ ಹಪ್ಪಳದ ಡಬ್ಬಿ ಇಡುತ್ತಿದ್ದಳು. ಊರಿಗೆ ಮೊಬೈಲು ಬಂದ ಹೊಸತರಲ್ಲಿ, ಹಳೆಯ ಸಾಮಾನು ಸಂಗ್ರಹಿಸುವ ಹುಬ್ಬಳ್ಳಿಯವನೊಬ್ಬ ಅದನ್ನು ನೋಡಿ, “ಇಂಥಾದ್ದು ನಾ ಎಲ್ಲೂ ನೋಡಿಲ್ರಿ ಸಾವ್ಕಾರ್ರ, ಭಾಳ ಅಪರೂಪದ್ದು” ಎಂದ.

ಅಷ್ಟೇ. ಟಿವಿ ಅಡುಗೆಮನೆಗೆ ಹೋಯಿತು. ಅದರ ಜಾಗದಲ್ಲಿ ಕಸೂತಿ ಬಟ್ಟೆ ಹೊದ್ದು ರೇಡಿಯೊ ಕುಳಿತಿತು. ಅತ್ತೆ ತನ್ನ ಧಾರಾವಾಹಿಯನ್ನು ಒಗ್ಗರಣೆಯ ಹೊಗೆಯಲ್ಲಿ ನೋಡತೊಡಗಿದಳು. “ಇದು ಹಾಡತೈತೇನು?” ಎಂದು ಕೇಳಿದವರನ್ನು ಮಾವ, ದೇವರ ಮೂರ್ತಿ ನೈವೇದ್ಯ ಉಣ್ಣುತ್ತದೆಯೇ ಎಂದು ಕೇಳಿದವರನ್ನು ನೋಡುವಂತೆ ನೋಡುತ್ತಿದ್ದ.

ರೇಡಿಯೊ ತಯಾರಿಸಿದ ಈರಪ್ಪನವರು ರಾಣೆಬೆನ್ನೂರಿನಲ್ಲಿ ಇನ್ನೂ ಇದ್ದಾರೆಂದು ತಿಳಿದದ್ದೇ ಮಾವ ಸನ್ಮಾನ ಗೊತ್ತುಮಾಡಿದ. ನಮ್ಮಲ್ಲಿ ಶಾಲು ಹೊದಿಸಲು ಒಂದು ಹೆಗಲು ಸಿಕ್ಕರೆ ಸಾಕು. ಪೇಟೆಯ ವ್ಯಾಪಾರಿಗಳೆಲ್ಲ ಬಂದು ಕುಳಿತರು. ಮುದುಕರನ್ನು ನಾನೇ ಕರೆತಂದೆ.

ಈರಪ್ಪನವರು ಕಸೂತಿ ಬಟ್ಟೆ ಸರಿಸಿ ದಿಟ್ಟಿಸಿದರು. “ಇದನ್ನ ಇನ್ನೂ ಒಗದಿಲ್ಲೇನ್ರಿ?”

ಎಸೆಯುವ ಮಾತು ಕೇಳಿ ಮಾವ ಬೆಚ್ಚಿದ. “ಒಗಿಯೂದಾ? ಅಪರೂಪದ್ದೈತ್ರಿ ಇದು!”

“ಅಪರೂಪ ಯಾಕಾತು ಗೊತ್ತೈತೇನ್ರಿ? ಬರೇ ಗುಂಯ್ ಅಂತಿತ್ತು. ಕೊಂಡೋರೆಲ್ಲಾ ಬೈಕೋಂತ ವಾಪಸ್ ತಂದ್ರು. ಎಲ್ಲಾ ಬಿಚ್ಚಿ ಕಟ್ಟಿಗಿ ಒಲಿಗೆ ಹಾಕಿದೆ. ನಿಮ್ಮ ಅಪ್ಪಾರೊಬ್ರ ತರಲಿಲ್ಲ.”

“ನಮ್ಮಪ್ಪಗ ಒಳ್ಳೇದರ ಬೆಲಿ ಗೊತ್ತಿತ್ತು,” ಎಂದು ಮಾವ ಸಭೆಯತ್ತ ತಿರುಗಿದ.

“ಅವರಿಗೆ ಕಿವಿ ಕೇಳ್ತಿದ್ದಿಲ್ರಿ.”

ಸಭೆಗೆ ಸಭೆಯೇ ಕೆಮ್ಮಿತು. ಬ್ಯಾಡಗಿಯಲ್ಲಿ ಕೆಮ್ಮಿಗೆ ಬೇರೆ ಕಾರಣ ಕೊಡಬೇಕಿಲ್ಲ.

ಬಾಗಿಲಲ್ಲಿ ನಿಂತಿದ್ದ ಅತ್ತೆ ಮಾತ್ರ ಕೆಮ್ಮಲಿಲ್ಲ. “ಅಪ್ಪನ ಕಿವಿ ಮಗಗೂ ಬಂದಾವ್ರಿ ಅಜ್ಜಾರ. ಟಿವಿ ಹೊರಗ ಇಡ್ರಿ ಅಂತ ಎಷ್ಟ ಹೇಳಿದ್ರೂ ಇವರಿಗೆ ಕೇಳಿಸವಲ್ದು.”

ಮಾವ ಶಾಲನ್ನು ಅವಸರವಸರವಾಗಿ ಹೊದಿಸಿದ. ಅಂದು ಸಂಜೆಯೇ ಅತ್ತೆ ಹಮಾಲನೊಬ್ಬನಿಂದ ಟಿವಿಯನ್ನು ಪಡಸಾಲೆಗೆ ಹೊರಿಸಿದಳು.

ಮರುವಾರ ನಾನು ಹೋದಾಗ ಮಾವ, ಹಾವೇರಿಯಿಂದ ಬಂದಿದ್ದ ಬೀಗರಿಗೆ ರೇಡಿಯೊ ತೋರಿಸುತ್ತಿದ್ದ. “ಮಾಡಿದವರ ಖುದ್ದ ಬಂದು ಹೇಳಿ ಹೋಗ್ಯಾರ್ರಿ, ಲೋಕದಾಗ ಇದೊಂದ ಉಳದೈತಿ ಅಂತ.”

ನಾನು ಬಾಯಿ ತೆರೆದೆ. ಆ ಮಾತಿನಲ್ಲಿ ಸುಳ್ಳು ಎಲ್ಲಿದೆಯೆಂದು ಹುಡುಕಿದೆ. ಸಿಗಲಿಲ್ಲ. ತೆರೆದ ಬಾಯಿಗೆ ಚಹಾ ಹುಯ್ದುಕೊಂಡೆ.