ಹತ್ತು ಅಂಕದ ಜಗಳ

ಬೇರಿಂಗು ಸವೆದಿದೆಯೋ ಇಲ್ಲವೋ ಎಂಬುದನ್ನು ನಾನು ಸಪ್ಪಳ ಕೇಳಿಯೇ ಹೇಳಬಲ್ಲೆ. ಮನುಷ್ಯರ ನಡುವಿನ ಸಪ್ಪಳಕ್ಕೂ ಅಂಕ ಕೊಡಬೇಕೆಂಬ ಅಪ್ಪಣೆ ಬಂದಾಗ ನನ್ನ ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದವು. ಗದಗಿನ ಹೊರವಲಯದ ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷದವರ ಪ್ರಾಜೆಕ್ಟಿಗೆ ಇನ್ನು ಮುಂದೆ ಯಂತ್ರ ತಿರುಗಿದರಷ್ಟೇ ಸಾಲದು. ತಿರುಗಿಸಿದವರು ತಮ್ಮೊಳಗೆ ಹೇಗೆ ಮಾತಾಡಿದರು, ಹೇಗೆ ಕೂಡಿ ದುಡಿದರು ಎಂಬುದನ್ನೂ ಅಳೆಯಬೇಕು. ಅಳೆಯಲು ಒಂದು ತಖ್ತೆ ಕೊಟ್ಟರು. ಅದರಲ್ಲಿ ‘ಭಿನ್ನಾಭಿಪ್ರಾಯ ಬಗೆಹರಿಸಿ ಒಮ್ಮತಕ್ಕೆ ಬರುವುದು’ ಎಂಬ ಸಾಲಿಗೆ ಹತ್ತು ಅಂಕ, ಅದನ್ನು ನಾನು ಕೊಡಬೇಕು; ಉಳಿದ ಸಾಲುಗಳಿಗೆ ತಂಡದವರೇ ಒಬ್ಬರಿಗೊಬ್ಬರು ಕೊಡಬೇಕು. ಒಟ್ಟು ತಖ್ತೆಯಲ್ಲಿ ಫೇಲಾದವರು ಪ್ರಾಜೆಕ್ಟಿನಲ್ಲೇ ಫೇಲು.

ತಖ್ತೆಯನ್ನು ತರಗತಿಯಲ್ಲಿ ಪ್ರಾಮಾಣಿಕವಾಗಿ ಓದಿ ಹೇಳಿದೆ. ವಾರದೊಳಗೆ ವರ್ಕ್‌ಶಾಪಿನ ತುಂಬ ಜಗಳ. ನನ್ನ ಚಪ್ಪಲಿ ಸಪ್ಪಳ ಬಾಗಿಲಲ್ಲಿ ಕೇಳಿದರೆ ಶುರುವಾಗುತ್ತಿತ್ತು, ನಾನು ಪೆನ್ನು ತೆಗೆದರೆ ಮುಗಿಯುತ್ತಿತ್ತು. ದಿನಾ ಒಂದೇ ಬೈಕಿನಲ್ಲಿ ಬರುವ ಇಬ್ಬರು ಎದುರುಬದುರು ನಿಂತು, “ನಿಮ್ಮ ಅಭಿಪ್ರಾಯಕ್ಕ ನನ್ನ ವಿರೋಧ ಐತ್ರಿ” ಎಂದು ಒಬ್ಬ, “ನಿಮ್ಮ ವಿರೋಧಾನ ನಾ ಗೌರವಿಸ್ತೇನ್ರಿ” ಎಂದು ಇನ್ನೊಬ್ಬ. ಶಾಂತಿ ಮಾತುಕತೆಗೆ ಬಂದ ಎರಡು ದೇಶಗಳ ರಾಯಭಾರಿಗಳು ಕೂಡ ಇಷ್ಟು ಸಭ್ಯರಾಗಿರಲಿಕ್ಕಿಲ್ಲ. ಹುಡುಗರು ಸುಧಾರಿಸಿದ್ದಾರೆ ಎಂದು ವಿಭಾಗದ ಕಿರಿಯ ಮೇಷ್ಟ್ರು ಹಿಗ್ಗಿದರು. ನನಗೆ ಸಂಶಯ ಹತ್ತಿತು.

ಸಂಶಯಕ್ಕೆ ಸಲಕರಣೆ ಬೇಕಲ್ಲ, ಅದು ಕ್ಯಾಂಟೀನಿನಲ್ಲಿ ಸಿಕ್ಕಿತು. ನಮ್ಮಲ್ಲಿ ಇಬ್ಬರು ಗೆಳೆಯರು ಎರಡು ಚಹಾ ಕುಡಿಯುವುದಿಲ್ಲ. ಒಂದು ಚಹಾ ಹೇಳಿ ‘ಬೈ ಟು’ ಮಾಡಿಸಿ ಅರ್ಧರ್ಧ ಕುಡಿಯುತ್ತಾರೆ. ವರ್ಕ್‌ಶಾಪಿನಲ್ಲಿ ಘನಘೋರವಾಗಿ ವಾದಿಸಿದವರೆಲ್ಲ ಹತ್ತು ನಿಮಿಷದಲ್ಲಿ ಇಲ್ಲಿ ಬೈ ಟು ಹಿಡಿದು ನಗುತ್ತಿದ್ದರು. ಕಂಬದ ಹಿಂದಿನ ಮೇಜಿನಲ್ಲಿ ಕೂತು ನಾನು ಲೋಟ ನೋಡತೊಡಗಿದೆ.

ಒಂದು ತಂಡದ ಲೋಟಗಳು ಮಾತ್ರ ತಾಳೆಯಾಗಲಿಲ್ಲ. ಶೇಂಗಾ ಒಡೆಯುವ ಯಂತ್ರ ಮಾಡುತ್ತಿದ್ದ ನಾಲ್ವರು: ಲಕ್ಷ್ಮೇಶ್ವರ, ಶಿರಹಟ್ಟಿ, ಬೆಟಗೇರಿಯ ಮೂವರು ಹುಡುಗರು, ಮುಂಡರಗಿಯಿಂದ ಬಸ್ಸಿನಲ್ಲಿ ಬರುವ ಒಬ್ಬ ಹುಡುಗಿ. ಹುಡುಗರು ಒಂದು ಮೇಜಿನಲ್ಲಿ. ಆಕೆ ಇನ್ನೊಂದರಲ್ಲಿ, ಒಬ್ಬಳೇ, ಎದುರಿಗೆ ಫುಲ್ ಚಹಾ.

ಇದೂ ಅಭಿನಯವೇ, ಸ್ವಲ್ಪ ಮೇಲ್ಮಟ್ಟದ್ದು ಎಂದುಕೊಂಡೆ. ಆದರೆ ಮರುದಿನವೂ ಫುಲ್ ಚಹಾ, ಆಚೆ ದಿನವೂ. ಕೊನೆಗೆ ಆಕೆಯನ್ನು ಕರೆದು ಕೇಳಿದೆ.

“ಖರೆ ಹೇಳವಾ, ಇದು ನಾಟಕೋ, ಜಗಳೋ?”

“ನಾಟಕ ಆಗಿದ್ರ ಇಷ್ಟೊತ್ತಿಗೆ ಮುಗೀತಿತ್ರಿ ಸರ್.”

ಜಗಳ ಒಂದು ಜಾಲರಿಯದು. ಕಾಯಿ ಸುರಿಯುವ ಬಾಯಿಗೆ ಜಾಲರಿ ಹಾಕಲೇಬೇಕು, ಇಲ್ಲದಿದ್ದರೆ ಒಳಗೆ ತಿರುಗುವ ಉರುಳೆಗೆ ಯಾರದಾದರೂ ಬೆರಳು ಸಿಗುತ್ತದೆ ಎಂಬುದು ಆಕೆಯ ವಾದ. ಹಾಕಿದರೆ ಕಾಯಿ ನಿಧಾನವಾಗಿ ಇಳಿದು ಯಂತ್ರದ ವೇಗಕ್ಕಿರುವ ಅಂಕ ಹೋಗುತ್ತದೆ, ಕೈ ಹಾಕಬೇಡಿ ಎಂದು ಬೋರ್ಡು ಬರೆದರಾಯಿತು ಎಂಬುದು ಹುಡುಗರದು.

“ಬೋರ್ಡ್ ಯಾರ ಓದ್ತಾರ್ರಿ? ನಮ್ಮ ಮಂದಿ ಶೇಂಗಾ ಕಂಡ್ರ ಕೈ ಸುಮ್ನ ಇರೂದಿಲ್ಲ.”

ನಮ್ಮ ಸುತ್ತಿನ ಊರು ಅಡರಕಟ್ಟಿಯಾಗಲಿ ಯಳವತ್ತಿಯಾಗಲಿ, ಶೇಂಗಾ ರಾಶಿಯ ಪಕ್ಕ ಹಾಯ್ದು ಒಂದು ಹಿಡಿ ಎತ್ತದೆ ಹೋದ ಗಂಭೀರ ಮನುಷ್ಯನನ್ನು ನಾನು ಕಂಡಿಲ್ಲ. ನಾನೂ ಅಷ್ಟು ಗಂಭೀರನಲ್ಲ.

ಸಂಜೆ ಲಕ್ಷ್ಮೇಶ್ವರದವನು ಗುಟ್ಟಾಗಿ ಬಂದ. ಆಕೆ ಒಂದು ಮಾತಿಗೆ ಹೂಂ ಅಂದರೆ ಎಲ್ಲರಿಗೂ ಹತ್ತಕ್ಕೆ ಹತ್ತು, ನೀವಾದರೂ ತಿಳಿಸಿ ಹೇಳಿ ಎಂದ. ತಪ್ಪಿರಲಿಲ್ಲ. ತಖ್ತೆಯ ಪ್ರಕಾರ ಒಮ್ಮತಕ್ಕೆ ಬಾರದವಳು ಆಕೆ ಒಬ್ಬಳೇ, ಸೊನ್ನೆ ಆಕೆಗೇ. ಉಳಿದ ಸಾಲುಗಳಲ್ಲೂ ಹುಡುಗರು ಕೊಟ್ಟ ಅಂಕ ತೀರ ಕಮ್ಮಿಯಿದ್ದುದರಿಂದ ಈ ಸೊನ್ನೆ ಸೇರಿದರೆ ಆಕೆ ಫೇಲು. ಹುಬ್ಬಳ್ಳಿಯ ಕಾರ್ಖಾನೆಯೊಂದು ಆಕೆಯನ್ನು ಕೆಲಸಕ್ಕೆ ಆರಿಸಿತ್ತು, ಈ ಸಲವೇ ಪಾಸಾದರೆ ಎಂಬ ಕರಾರಿನ ಮೇಲೆ. ಇದನ್ನು ಆಕೆಗೂ ಹೇಳಿದೆ. ಗೊತ್ತೈತ್ರಿ ಎಂದಳು. ಜಾಲರಿಯ ಮಾತು ಬಿಡಲಿಲ್ಲ. ನಾನು ಆ ಸಾಲನ್ನು ಖಾಲಿ ಬಿಟ್ಟೆ.

ಪರೀಕ್ಷೆಯ ದಿನ ಬೇರೆ ಕಾಲೇಜಿನಿಂದ ಪರೀಕ್ಷಕರು ಬಂದರು. ಬಾಗಲಕೋಟೆ ಕಡೆಯ ಹಿರಿಯರು, ಬೆರಳಲ್ಲಿ ಹರಳಿನುಂಗುರ. ಯಂತ್ರಕ್ಕೆ ಜಾಲರಿಯಿರಲಿಲ್ಲ, ಬೋರ್ಡು ಇತ್ತು, ಚಂದದ ಅಕ್ಷರ. ಹುಡುಗರು ತಮ್ಮ ತಂಡದ ಒಗ್ಗಟ್ಟಿನ ಬಗ್ಗೆ ಬಾಯಿಪಾಠ ಒಪ್ಪಿಸಿದರು. ಹುಡುಗಿ ಒಂದು ಮಾರು ದೂರ, ಸ್ವಿಚ್ಚಿನ ಹತ್ತಿರ ನಿಂತಿದ್ದಳು. ಯಂತ್ರ ಶುರುವಾಗಿ ಕಾಯಿ ಚಟಪಟ ಒಡೆಯತೊಡಗಿತು. ಪರೀಕ್ಷಕರು ಬೋರ್ಡನ್ನು ಗಟ್ಟಿಯಾಗಿ ಓದಿದರು, ಭೇಷ್ ಎಂದರು, ಓದುತ್ತಲೇ ಉಂಗುರದ ಕೈಯನ್ನು ಒಂದು ಹಿಡಿ ಶೇಂಗಾಕ್ಕಾಗಿ ಒಳಗೆ ಇಳಿಸಿದರು.

ಯಂತ್ರ ನಿಂತಿತು. ಆಕೆಯ ಅಂಗೈ ಕೆಂಪು ಗುಂಡಿಯ ಮೇಲಿತ್ತು.

ಪರೀಕ್ಷಕರು ಕೈ ಹೊರಗೆ ತೆಗೆದು ಬೆರಳುಗಳನ್ನು ಒಂದೊಂದಾಗಿ ನೋಡಿಕೊಂಡರು. ಹಿಡಿದ ಶೇಂಗಾ ಬಿಟ್ಟಿರಲಿಲ್ಲ. ಇಲ್ಲಿ ಏನಾದರೂ ಅಡ್ಡ ಇರಬೇಕಿತ್ತಲ್ಲ ಎಂದು ಮೆಲ್ಲಗೆ ಕೇಳಿದರು. ಆಕೆ ಮೇಜಿನ ಕೆಳಗಿನ ಗೋಣಿಚೀಲದಿಂದ ತಾನೇ ಮಾಡಿಸಿ ತಂದಿದ್ದ ಜಾಲರಿ ಎಳೆದಳು. ಬೆಟಗೇರಿಯವನು ಪಾನಾ ತಂದ, ಶಿರಹಟ್ಟಿಯವನು ಜಾಲರಿ ಹಿಡಿದುಕೊಂಡ, ಆಕೆ ಬೋಲ್ಟು ಬಿಗಿದಳು. ಯಾರೂ ಯಾರ ಅಭಿಪ್ರಾಯವನ್ನೂ ಗೌರವಿಸಲಿಲ್ಲ. ಯಂತ್ರ ಮತ್ತೆ ತಿರುಗಿತು, ನಿಧಾನವಾಗಿ.

ಮೊದಲೇ ಏಕೆ ಹಾಕಲಿಲ್ಲ ಎಂಬ ಪರೀಕ್ಷಕರ ಪ್ರಶ್ನೆಗೆ ಲಕ್ಷ್ಮೇಶ್ವರದವನು ನೆಲ ನೋಡುತ್ತ ಹೇಳಿದ: “ಆಕಿ ಹಾಕ್ರಿ ಅಂದಿದ್ಲ್ರಿ. ನಾವ ಬ್ಯಾಡ ಅಂದ್ವಿ.”

ಆ ವರ್ಷ ನಮ್ಮ ವರ್ಕ್‌ಶಾಪಿನಲ್ಲಿ ತಾಲೀಮಿಲ್ಲದೆ ಆಡಿದ ಮಾತು ಅದೊಂದೇ ಇರಬೇಕು. ಖಾಲಿ ಬಿಟ್ಟ ಸಾಲಿನಲ್ಲಿ ಆಕೆಗೆ ಹತ್ತು ಬರೆದೆ. ಒಮ್ಮತ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಬಂದು ಜಾಲರಿ ನೋಡಲಿ ಎಂದುಕೊಂಡೆ. ಪರೀಕ್ಷಕರು ಶೇಂಗಾ ತಿನ್ನುತ್ತ ಕೆಳಗೆ ರುಜು ಹಾಕಿದರು. ಆಕೆ ಪಾಸಾದಳು. ವೇಗದ ಅಂಕ ನಾಲ್ವರಿಗೂ ಹೋಯಿತು.

ಮಧ್ಯಾಹ್ನ ನಾನು ಕಂಬದ ಹಿಂದೆ ಹಾಜರಿದ್ದೆ. ನಾಲ್ವರೂ ಬಂದು ಒಂದೇ ಮೇಜಿಗೆ ಕೂತರು. ಹುಡುಗರು ಬೈ ಟು ಹೇಳಿದರು, ಆಕೆಗೂ ಬೇಕೇ ಎಂದು ಕೇಳಿದರು. ಆಕೆ ಬೇಡವೆಂದು ತಲೆಯಾಡಿಸಿ ಬೇರೆ ಫುಲ್ ಚಹಾ ತರಿಸಿಕೊಂಡಳು.

ನಾನು ಸಮಾಧಾನದಿಂದ ಎದ್ದೆ. ಆಕೆಯೂ ಬೈ ಟು ಕುಡಿದಿದ್ದರೆ ನನಗೆ ಮತ್ತೆ ಸಂಶಯ ಬರುತ್ತಿತ್ತು.